ಹಳೇ ಸಾಫ್ಟ್ ಫೋಕಸ್ ಲೆನ್ಸು, ದೊಡ್ಡ ಕ್ಯಾಮರಾ: ಮೂಗುಬೊಟ್ಟು ನೋಡಿ ಫೋಕಸ್ ಮಾಡುವ ಕ್ರಮ

ಮುಖಕ್ಕೆ ಮೆತ್ತಗಿನ ಗ್ಲೋ ಕೊಡುವ ಸಾಫ್ಟ್ ಫೋಕಸ್ ಲೆನ್ಸ್ ತಗೊಂಡ ಸುಮಾರು ಜನ ಅದನ್ನ ಪೂರ್ತಿ ಓಪನ್ ಇಟ್ಟು ಒಂದು ಬಾಕ್ಸ್ ಶೀಟ್ ಫಿಲ್ಮ್ (ದೊಡ್ಡ ಕ್ಯಾಮರಾಕ್ಕೆ ಹಾಕುವ ಬಿಡಿ ಹಾಳೆಯ ಫಿಲ್ಮ್) ಖಾಲಿ ಮಾಡಿ, ಎಲ್ಲದ್ರಲ್ಲೂ ಮುಖ ಹಾಲಲ್ಲಿ ಅದ್ದಿ ತೆಗೆದ ಹಾಗೆ ಬಂತು ಅಂತ ಬೇಜಾರಾಗಿ ಲೆನ್ಸನ್ನೇ ಮಾರಿಬಿಡ್ತಾರೆ. ಪಾಪ ಲೆನ್ಸಿಂದು ಏನೂ ತಪ್ಪಿರೋದಿಲ್ಲ. ಇದ್ರಲ್ಲಿ ಕಲೀಲಿಕ್ಕೆ ಇರೋದು ಎರಡೇ, ಯಾವ ಅಪರ್ಚರಲ್ಲಿ (ಲೆನ್ಸಿನೊಳಗೆ ಬೆಳಕು ಬರುವ ತೂತು) ಫೋಟೋ ತೆಗೀತೀರೋ ಅದೇ ಅಪರ್ಚರಲ್ಲಿ ಫೋಕಸ್ ಮಾಡೋದು, ಮತ್ತೆ ಬೆಳಕು ಸ್ವಲ್ಪ ಗಡಸಾಗಿಯೇ ಹಾಕೋದು. ಉಳಿದದ್ದು ಸಾಮಾನು ಹೊಂದಿಸುವ ಕೆಲಸ, ಮುಂಬೈಯಲ್ಲಿ ಇರುವವ್ರಿಗೆ ಅದು ಅಷ್ಟು ಕಷ್ಟ ಇಲ್ಲ, ಬಿಸಿಲಲ್ಲಿ ಸುತ್ತುವ ತಾಳ್ಮೆ ಬೇಕು ಅಷ್ಟೇ.

ಒಳಗೆ ಎಂಥ ಆಗ್ತದೆ ಅಂತ ಗೊತ್ತಿದ್ರೆ ಮುಂದಿನದ್ದೆಲ್ಲ ಸುಲಭ. ಮಾಮೂಲಿ ಲೆನ್ಸಲ್ಲಿ ಗಾಜಿನ ನಡುವಿಂದ ಬಂದ ಕಿರಣ, ಅಂಚಿಂದ ಬಂದ ಕಿರಣ ಎರಡೂ ಒಂದೇ ಜಾಗದಲ್ಲಿ ಸೇರುವ ಹಾಗೆ ಡಿಸೈನ್ ಮಾಡಿರ್ತಾರೆ. ಈ ಲೆನ್ಸುಗಳಲ್ಲಿ ಸ್ಫೆರಿಕಲ್ ಅಬರೇಶನ್ನನ್ನ ಬೇಕಂತಲೇ ಉಳಿಸಿರ್ತಾರೆ, ಅಂಚಿನ ಕಿರಣಗಳು ಲೆನ್ಸಿಗೆ ಹತ್ತಿರ ಸೇರ್ತವೆ, ನಡುವಿನವು ಸ್ವಲ್ಪ ದೂರ ಹೋಗಿ ಸೇರ್ತವೆ. ಹಾಗಾಗಿ ಫಿಲ್ಮಿನ ಮೇಲೆ ಒಂದೊಂದು ಚುಕ್ಕಿಗೂ ನಡುವಲ್ಲಿ ಶಾರ್ಪ್ ಆದ ಒಂದು ಕೋರ್, ಅದ್ರ ಸುತ್ತ ತೆಳುವಾದ ಒಂದು ಗ್ಲೋ. ಫೋಕಸ್ ತಪ್ಪಿದ ಫೋಟೋದಲ್ಲಿ ಆ ಕೋರ್ ಇರೋದಿಲ್ಲ, ವ್ಯತ್ಯಾಸ ಅಲ್ಲೇ ಇರೋದು. ಅಪರ್ಚರ್ ಸಣ್ಣ ಮಾಡ್ತಾ ಹೋದ ಹಾಗೆ ಅಂಚಿನ ಕಿರಣಗಳು ಕಟ್ ಆಗ್ತವೆ, ಗ್ಲೋ ಕಮ್ಮಿ ಆಗ್ತದೆ, ಎಫ್ 11 ಆಸುಪಾಸು (ಎಫ್ ನಂಬರ್ ದೊಡ್ಡದಾದಷ್ಟು ತೂತು ಸಣ್ಣ) ಬರುವಾಗ ಹೆಚ್ಚಿನ ಲೆನ್ಸು ಸಾಧಾರಣ ಶಾರ್ಪ್ ಲೆನ್ಸಿನ ಹಾಗೇ ಆಗಿಬಿಡ್ತದೆ. ಅಂದ್ರೆ ಎಷ್ಟು ಮೆತ್ತಗೆ ಬೇಕು ಅಂತ ತೀರ್ಮಾನ ಮಾಡುವ ರಿಂಗ್ ನಿಮ್ಮ ಕೈಯಲ್ಲೇ ಉಂಟು. ಫಿಲ್ಟರ್ ಮೇಲೆ ವ್ಯಾಸಲಿನ್ ಹಚ್ಚಿ ತೆಗೆದ್ರೆ ಈ ಕಂಟ್ರೋಲ್ ಸಿಗೋದಿಲ್ಲ, ಅದು ಎಲ್ಲದ್ರ ಮೇಲೂ ಒಂದು ಪೊರೆ ಎಳೀತದೆ, ಮುಗೀತು.

ಯಾವ ಲೆನ್ಸ್ ಅಂತ ಕೇಳಿದ್ರೆ, ಅಮೆರಿಕದ ರೋಚೆಸ್ಟರಿನ ವೋಲೆನ್ಸ್ಯಾಕ್ ಕಂಪನಿಯ ವೆರಿಟೋ ಎಲ್ಲರಿಗೂ ಮೊದಲು ನೆನಪಾಗೋದು, ಎಫ್ 4 ಲೆನ್ಸು, 8¾ ಇಂಚು, 11½, 14½ ಹೀಗೆ ಬೇರೆ ಬೇರೆ ಫೋಕಲ್ ಲೆಂಗ್ತ್, ಅಂದ್ರೆ ದೂರದ್ದು ಫೋಕಸ್ ಆಗುವಾಗ ಲೆನ್ಸಿಂದ ಫಿಲ್ಮಿಗೆ ಇರುವ ದೂರ. 14½ ಇಂಚಿನದ್ದು ಅಂದ್ರೆ ಹತ್ರ ಹತ್ರ 368 ಎಂಎಂ, ಎಫ್ 4 ಬರಬೇಕಾದ್ರೆ ಗಾಜೇ 92 ಎಂಎಂ ಅಗಲ ಇರ್ಬೇಕು, ಭಾರ ಹೇಗಿರ್ಬಹುದು ಲೆಕ್ಕ ಹಾಕಿ. 4×5 (4 ಇಂಚು 5 ಇಂಚಿನ ಫಿಲ್ಮ್ ಹಾಕುವ) ಕ್ಯಾಮರಾದವ್ರು ಅದ್ರ ತಂಟೆಗೆ ಹೋಗೋದು ಬೇಡ, 210ರಿಂದ 250 ಎಂಎಂ ಒಳಗೆ ನೋಡಿ. 8×10 ಇದ್ರೆ 360ರ ಮೇಲೆ ಹೋಗಬಹುದು. ಕೊಡಾಕ್ ಪೋರ್ಟ್ರೇಟ್ ಲೆನ್ಸ್ ಅಂತ ಇನ್ನೊಂದು ಉಂಟು, 305 ಎಂಎಂ ಎಫ್ 4.8 ಮತ್ತು 405 ಎಂಎಂ ಎಫ್ 4.5, ಒಳಗೆ ಅಂಟಿಸಿದ ಎರಡೇ ಗಾಜು, ಆದ್ರೆ ಇಲೆಕ್ಸ್ ಶಟರ್ ಜೊತೆಗೇ ಬರ್ತದೆ, ಅದು ದೊಡ್ಡ ಉಪಕಾರ, ಯಾಕೆ ಅಂತ ಮುಂದೆ ಹೇಳ್ತೇನೆ. ನನ್ನ ಲೆಕ್ಕದಲ್ಲಿ ಹೊಸಬರಿಗೆ ಎಲ್ಲಕ್ಕಿಂತ ಒಳ್ಳೇದು ಇದೇ, ವೆರಿಟೋಗೆ ಹೆಸರು ಜಾಸ್ತಿ, ಕೊಡಾಕಿಗೆ ರಗಳೆ ಕಮ್ಮಿ.

ಜರ್ಮನಿಯ ರೋಡೆನ್‌ಸ್ಟಾಕ್ ಇಮಾಗಾನ್ ಸ್ವಲ್ಪ ಬೇರೆ ಜಾತಿ. ಆಸ್ಟ್ರಿಯಾದ ಹೆಸರಾಂತ ಫೋಟೋಗ್ರಾಫರ್ ಹೈನ್‌ರಿಕ್ ಕ್ಯೂನ್ ಇದ್ರ ಹಿಂದೆ ಇದ್ದವ್ರು, 1930ರ ದಶಕದಲ್ಲಿ ಮಾರ್ಕೆಟಿಗೆ ಬಂತು. ಲೆನ್ಸಿನ ಮುಂದೆ ತೂತು ತೂತಿನ ಡಿಸ್ಕ್ ಹಾಕಬೇಕು, ನಡುವೆ ಒಂದು ದೊಡ್ಡ ತೂತು, ಸುತ್ತ ಸಣ್ಣ ಸಣ್ಣವು, ತಿರುಗಿಸಿದ್ರೆ ಸುತ್ತಲಿನ ತೂತುಗಳು ಮುಚ್ತವೆ, ತೆರೀತವೆ. ನಡುವಿನ ತೂತು ಕೋರ್ ಕೊಡ್ತದೆ, ಸುತ್ತಲಿನವು ಗ್ಲೋ ಕೊಡ್ತವೆ. ಅದ್ರ ಅಪರ್ಚರಿಗೆ ಎಫ್ ಅಲ್ಲ, ಎಚ್ ನಂಬರ್, ಎಚ್ 5.8 ಅಂತೆಲ್ಲ ಬರೆದಿರ್ತದೆ, ಎಕ್ಸ್‌ಪೋಶರ್ (ಎಷ್ಟು ಬೆಳಕು ಕೊಡಬೇಕು ಅನ್ನುವ) ಲೆಕ್ಕಕ್ಕೆ ಅದನ್ನೇ ಎಫ್ ನಂಬರಿನ ಹಾಗೆ ಹಿಡ್ಕೊಳ್ಳಿ. ಡಿಸ್ಕ್ ಇಲ್ಲದೆ ಬರೀ ಇಮಾಗಾನ್ ಮಾರ್ಲಿಕ್ಕೆ ಬಂದ್ರೆ ಎರಡು ಸಲ ಯೋಚಿಸಿ. ಜಪಾನಿನ ಫುಜಿನಾನ್ ಎಸ್ಎಫ್ ಕೂಡ ಇದೇ ದಾರಿಯದ್ದು, ಹೊಸ ಕಾಲದ ಶಟರಲ್ಲಿ ಬರ್ತದೆ. ಇನ್ನು ಕುಕ್ ಪೋರ್ಟ್ರೇಟ್, ಫೋಕ್ಟ್‌ಲೆಂಡರ್ ಯೂನಿವರ್ಸಲ್ ಹೀಲಿಯಾರ್ ಇವೆಲ್ಲ ಒಳಗಿನ ಗಾಜನ್ನ ಜರುಗಿಸಿ ಶಾರ್ಪಿಂದ ಸಾಫ್ಟಿಗೆ ಹೋಗುವ ಲೆನ್ಸುಗಳು, ಈ ಐಡಿಯಾ ಡಾಲ್‌ಮೇಯರ್ 1866ರಲ್ಲೇ ಮಾಡಿ ತೋರಿಸಿದ್ದ, ಹಿಂದಿನ ಗಾಜನ್ನ ಸ್ವಲ್ಪ ತಿರುಗಿಸಿ ಸಡಿಲ ಮಾಡಿದ್ರೆ ಸಾಫ್ಟ್ ಆಗುವ ಹಾಗೆ. ಬಾಸ್ಟನ್ನಿನ ಪಿಂಕಮ್ ಸ್ಮಿತ್ ಲೆನ್ಸುಗಳ ಬಗ್ಗೆ ನಾನು ಏನೂ ಹೇಳೋದಿಲ್ಲ, ಅದ್ರ ರೇಟಿಗೆ ಊರಲ್ಲಿ ತೋಟಕ್ಕೆ ಬೇಲಿ ಹಾಕಿಸಬಹುದು.

ದುಡ್ಡೇ ಇಲ್ಲ, ಆದ್ರೆ ಆಸೆ ಉಂಟು ಅನ್ನುವವ್ರು ಕನ್ನಡಕದ ಅಂಗಡಿಗೆ ಹೋಗಿ. ನಿಜವಾಗಿ ಹೇಳೋದು. ಪ್ಲಸ್ 4 ಪವರಿನ ಸಿಂಗಲ್ ವಿಶನ್ ಗಾಜು, ಫ್ರೇಮಿಗೆ ಕಟ್ ಮಾಡದೆ ಉರುಟಾಗಿ ಇರುವಂಥದ್ದು, 60 ಎಂಎಂ ಮೇಲೆ ಅಗಲ ಇರುವಂಥದ್ದು ಕೇಳಿ. ಬೈಫೋಕಲ್ ಬೇಡ, ಪ್ರೋಗ್ರೆಸಿವ್ ಬೇಡವೇ ಬೇಡ. ಗ್ಲಾಸ್ ಆದ್ರೂ ಸರಿ, ಫೈಬರ್ ಆದ್ರೂ ಸರಿ. 1000ವನ್ನ ಪವರಿಂದ ಭಾಗಿಸಿದ್ರೆ ಫೋಕಲ್ ಲೆಂಗ್ತ್, ಅಂದ್ರೆ ಪ್ಲಸ್ 4 ಅಂದ್ರೆ 250 ಎಂಎಂ, 4×5ಗೆ ಹೇಳಿ ಮಾಡಿಸಿದ ಪೋರ್ಟ್ರೇಟ್ ಲೆನ್ಸು. ಒಳಗೆ ಬಗ್ಗಿದ ಬದಿ ಎದುರು ಕೂತವ್ರ ಕಡೆಗೆ ಇರ್ಬೇಕು, ಉಬ್ಬಿದ ಬದಿ ಫಿಲ್ಮಿನ ಕಡೆಗೆ, ಗಾಜಿನಿಂದ ಒಂದೆರಡು ಇಂಚು ಮುಂದೆ ಕಪ್ಪು ಕಾರ್ಡ್‌ಬೋರ್ಡಿನ ಸ್ಟಾಪ್, ಅಂದ್ರೆ ನಡುವೆ ತೂತು ಇರುವ ಕಾರ್ಡ್. ತೂತಿನ ಅಗಲ 45 ಎಂಎಂ ಆದ್ರೆ ಎಫ್ 5.6, 31 ಆದ್ರೆ ಎಫ್ 8, 23 ಆದ್ರೆ ಎಫ್ 11, ಒಂದೊಂದಕ್ಕೂ ಬೇರೆ ಕಾರ್ಡ್ ಕಟ್ ಮಾಡಿಟ್ಕೊಳ್ಳಿ. ಒಂದೇ ತೊಂದರೆ, ಇದು ಒಂಟಿ ಗಾಜು, ಹಾಗಾಗಿ ಬಣ್ಣ ಬಣ್ಣದ ಬೆಳಕು ಬೇರೆ ಬೇರೆ ಕಡೆ ಫೋಕಸ್ ಆಗ್ತದೆ. ನಮ್ಮ ಕಣ್ಣು ನೋಡೋದು ಹಳದಿ ಹಸಿರು ಬೆಳಕಲ್ಲಿ, ನೀಲಿ ಬೆಳಕು ಲೆನ್ಸಿಗೆ ಇನ್ನೂ ಹತ್ರ ಸೇರ್ತದೆ, ಫಿಲ್ಮಿನ ಬದಲು ನೀಲಿಗೆ ಮಾತ್ರ ಸೆನ್ಸಿಟಿವ್ ಇರುವ ಪ್ರಿಂಟಿಂಗ್ ಪೇಪರಲ್ಲಿ ತೆಗೆದ್ರೆ ನೀವು ನೋಡಿದ ಫೋಕಸ್ ಫೋಟೋದಲ್ಲಿ ಬರೋದಿಲ್ಲ. ಮಾಮೂಲಿ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ (ಎಲ್ಲಾ ಬಣ್ಣಕ್ಕೂ ಸೆನ್ಸಿಟಿವ್ ಇರುವಂಥದ್ದು) ಆದ್ರೆ ಒಂದು ಹಳದಿ ಫಿಲ್ಟರ್ ಹಾಕಿ, ನೀಲಿಯೇ ಕಟ್ ಆಗ್ತದೆ. ಪೇಪರ್ ಆದ್ರೆ ಫೋಕಸ್ ಮಾಡುವಾಗ ಗ್ರೌಂಡ್ ಗ್ಲಾಸ್ (ಕ್ಯಾಮರಾ ಹಿಂದೆ ಚಿತ್ರ ಬೀಳುವ ಮಸುಕು ಗಾಜು) ಹತ್ರ ಒಂದು ನೀಲಿ ಜೆಲ್ ಹಾಳೆ ಹಿಡ್ಕೊಂಡು ನೋಡಿ, ಕತ್ತಲೆ ಆಗ್ತದೆ, ಆದ್ರೂ ಪೇಪರ್ ನೋಡೋದನ್ನ ನೀವೂ ನೋಡ್ತೀರಿ.

ಇನ್ನು ಖರೀದಿ. ಚೋರ್ ಬಜಾರಿನ ಮಟನ್ ಸ್ಟ್ರೀಟಲ್ಲಿ ಹಿತ್ತಾಳೆ ಲೆನ್ಸುಗಳು ಈಗಲೂ ಕಾಣ್ತವೆ, ಅದ್ರಲ್ಲಿ ಬಹುಪಾಲು ಪ್ರೊಜೆಕ್ಟರ್ ಲೆನ್ಸು, ಶೋಕೇಸಿಗೆ ಚಂದ. ಫೋರ್ಟಿನ ಬೋರಾ ಬಜಾರ್ ಕಡೆ ಕ್ಯಾಮರಾ ರಿಪೇರಿಯವ್ರ ಹತ್ರ ಕೇಳೋದು ಹೆಚ್ಚು ಉಪಯೋಗ, ಹಳೇ ಸ್ಟುಡಿಯೋ ಮುಚ್ಚಿದಾಗ ಸಾಮಾನು ಎಲ್ಲಿಗೆ ಹೋಯ್ತು ಅಂತ ಅವ್ರಿಗೇ ಗೊತ್ತಿರೋದು. ಈ ಊರಲ್ಲಿ ದೊಡ್ಡ ಕ್ಯಾಮರಾದ ಪೋರ್ಟ್ರೇಟಿಗೆ ಕಮ್ಮಿ ಇತಿಹಾಸ ಇಲ್ಲ ಮಾರಾಯ್ರೆ, ಪಾರ್ಸಿ ಫೋಟೋಗ್ರಾಫರ್ ಶಾಪೂರ್ ಭೇದ್ವಾರ್ 1890ರ ದಶಕದಲ್ಲೇ ಪಿಕ್ಟೋರಿಯಲ್ (ಪೇಂಟಿಂಗಿನ ಹಾಗೆ ಕಾಣುವ) ಸ್ಟೈಲಲ್ಲಿ ಹೆಸರು ಮಾಡಿದವ್ರು, ಬಲ್ಲಾರ್ಡ್ ಎಸ್ಟೇಟಿನ ಹ್ಯಾಮಿಲ್ಟನ್ ಸ್ಟುಡಿಯೋ ಶುರು ಆದದ್ದು 1928ರಲ್ಲಿ. ಹಾಗಾಗಿ ಯಾವುದೋ ಅಟ್ಟದ ಮೇಲೆ ಯಾವುದೋ ಲೆನ್ಸು ಇರುವ ಸಾಧ್ಯತೆ ಇದ್ದೇ ಉಂಟು.

ಆದ್ರೆ ಒಂದು ಮೋಸ ಗೊತ್ತಿರ್ಲಿ. ಒಳಗೆ ಮಂಜು ಕಟ್ಟಿದ, ಫಂಗಸ್ ಹಿಡಿದ ಮಾಮೂಲಿ ಲೆನ್ಸನ್ನ ಸಾಫ್ಟ್ ಫೋಕಸ್ ಅಂತ ಹೇಳಿ ಮಾರುವವ್ರು ಇದ್ದಾರೆ, ಕೆಲವರಿಗೆ ವ್ಯತ್ಯಾಸವೇ ಗೊತ್ತಿರೋದಿಲ್ಲ, ಕೆಲವರಿಗೆ ಚೆನ್ನಾಗಿ ಗೊತ್ತಿರ್ತದೆ. ಪರೀಕ್ಷೆ ಮಾಡೋದು ಸುಲಭ. ಮೊಬೈಲ್ ಟಾರ್ಚನ್ನ ಹಿಂದಿನಿಂದ ಓರೆಯಾಗಿ ಹಿಡೀರಿ, ಗಾಜು ಪೂರ್ತಿ ಬೂದು ಬೂದಾಗಿ ಹೊಳೆದ್ರೆ ಅದು ಹೇಜ್, ನೂಲಿನ ಹಾಗೆ ಬಳ್ಳಿ ಕಂಡ್ರೆ ಫಂಗಸ್, ಅಂಚಲ್ಲಿ ಕಾಮನಬಿಲ್ಲಿನ ಬಣ್ಣದ ಪಟ್ಟೆ ಇದ್ರೆ ಎರಡು ಗಾಜಿನ ನಡುವಿನ ಬಾಲ್ಸಮ್ ಅಂಟು ಬಿಡ್ತಾ ಉಂಟು ಅಂತ ಅರ್ಥ. ಆಮೇಲೆ ಅಪರ್ಚರನ್ನ ಎಫ್ 11 ಮಾಡಿ ಉರಿಯುವ ಒಂದು ಬಲ್ಬಿನ ಚಿತ್ರವನ್ನ ಬಿಳೀ ಕಾಗದದ ಮೇಲೆ ಬೀಳಿಸಿ ನೋಡಿ. ನಿಜವಾದ ಸಾಫ್ಟ್ ಫೋಕಸ್ ಲೆನ್ಸ್ ಆದ್ರೆ ಈಗ ಬಲ್ಬಿನ ಅಂಚು ನೀಟಾಗಿ ಬರ್ಬೇಕು, ಓಪನ್ ಮಾಡಿದ್ರೆ ಮಾತ್ರ ಗ್ಲೋ ಬರ್ಬೇಕು. ಎಫ್ 11ರಲ್ಲೂ ಮಂಜು ಮಂಜು ಇದ್ರೆ ಅದು ಕೊಳೆ, ಅದಕ್ಕೆ ದುಡ್ಡು ಕೊಡೋದು ಬೇಡ. ಅಂಚಿನ ಬಾಲ್ಸಮ್ ಸ್ವಲ್ಪ ಬಿಟ್ಟಿದ್ರೆ ಅಷ್ಟೇನೂ ಹೆದರ್ಬೇಕಾಗಿಲ್ಲ, ರೇಟ್ ಇಳಿಸಲಿಕ್ಕೆ ಒಳ್ಳೆ ನೆಪ.

ಲೆನ್ಸ್ ಸಿಕ್ಕಿತು, ಫ್ಲ್ಯಾಂಜ್ ಸಿಗೋದಿಲ್ಲ, ಇದು ಹತ್ರ ಹತ್ರ ನಿಯಮವೇ. ಫ್ಲ್ಯಾಂಜ್ ಅಂದ್ರೆ ಲೆನ್ಸನ್ನ ಕ್ಯಾಮರಾ ಮುಂದಿನ ಬೋರ್ಡಿಗೆ ಹಿಡಿಸುವ ಥ್ರೆಡ್ ಇರುವ ಬಳೆ, ಹಳೇ ಕ್ಯಾಮರಾ ಎಲ್ಲಿ ಹೋಯ್ತೋ ಅದೂ ಅಲ್ಲೇ ಹೋಗಿರ್ತದೆ. ಲೇತ್ ಇರುವ ಯಾವ ವರ್ಕ್‌ಶಾಪಲ್ಲಾದ್ರೂ ಅಲ್ಯೂಮಿನಿಯಂ ಬಳೆ ತಿರುಗಿಸಿ ಕೊಡ್ತಾರೆ, ಡ್ರಾಯಿಂಗ್ ತಗೊಂಡು ಹೋದ್ರೆ ಸಾಕಾಗೋದಿಲ್ಲ, ಲೆನ್ಸನ್ನೇ ತಗೊಂಡು ಹೋಗಿ ಎದುರು ನಿಂತು ಮಾಡಿಸ್ಬೇಕು, ಯಾಕಂದ್ರೆ ಈ ಥ್ರೆಡ್ಡುಗಳು ಇಂಚಿನ ಲೆಕ್ಕದ್ದು, ಮೆಟ್ರಿಕ್ ಅಲ್ಲ. ಬೋರ್ಡ್ ಒಳ್ಳೆ ಪ್ಲೈವುಡ್ಡಿಂದ ಮಾಡಿ. ಲೆನ್ಸ್ ಭಾರ ಇದ್ರೆ ಮುಂದಿನ ಸ್ಟ್ಯಾಂಡರ್ಡ್ (ಬೋರ್ಡ್ ಹಿಡಿಯುವ ಚೌಕಟ್ಟು) ತಲೆ ಬಗ್ಗಿಸ್ತದೆ, ಕೆಳಗೆ ಒಂದು ಮರದ ತುಂಡು ಕೊಡಿ. ಕೇರಳದ ಆಲಪ್ಪುಳದಲ್ಲಿ ತಯಾರಾಗ್ತಿದ್ದ ವಾಗೀಶ್ವರಿ ಕ್ಯಾಮರಾ ನಮ್ಮ ಹಳೇ ಸ್ಟುಡಿಯೋಗಳಲ್ಲಿ ತುಂಬ ಇದ್ದದ್ದು, ಅಂಥದ್ದು ಸಿಕ್ಕಿದ್ರೆ ಬೆಲ್ಲೋಸಿನ (ಲೆನ್ಸಿಂದ ಫಿಲ್ಮ್ ತನಕ ಇರುವ ಮಡಿಕೆ ಮಡಿಕೆಯ ಚೀಲ) ಮೂಲೆಗಳಲ್ಲಿ ತೂತು ಉಂಟಾ ಅಂತ ಮೊದಲು ನೋಡಿ. ಇಲ್ಲಿ ಅದು ಡಬಲ್ ಮುಖ್ಯ, ಸಣ್ಣ ಲೈಟ್ ಲೀಕ್ ಇದ್ರೂ ಅದು ಲೆನ್ಸಿನ ಗ್ಲೋ ಅಂತಲೇ ಅನಿಸ್ತದೆ, ಕಂಡುಹಿಡೀಲಿಕ್ಕೇ ಆಗೋದಿಲ್ಲ.

ಶಟರ್ ವಿಷಯ. ಬರೀ ಹಿತ್ತಾಳೆ ಕೊಳವೆಯಲ್ಲಿ ಕೂರಿಸಿದ ಬ್ಯಾರಲ್ ಲೆನ್ಸಲ್ಲಿ ಶಟರ್ ಇರೋದಿಲ್ಲ. ಹಿಂದಿನವ್ರು ಕ್ಯಾಪ್ ತೆಗೆದು ಎಣಿಸಿ ಮುಚ್ಚುತಿದ್ರು, ಅಥವಾ ರಬ್ಬರ್ ಬಲ್ಬ್ ಒತ್ತುವ ಪ್ಯಾಕರ್ಡ್ ಶಟರ್ ಹಾಕ್ತಿದ್ರು. ನೀವೂ ಕ್ಯಾಪಲ್ಲೇ ಶುರು ಮಾಡಿ, ಆದ್ರೆ ಕೈಯಲ್ಲಿ ಒಂದು ಸೆಕೆಂಡಿಗಿಂತ ಕಮ್ಮಿ ಸರಿಯಾಗಿ ಕೊಡ್ಲಿಕ್ಕೆ ಆಗೋದಿಲ್ಲ, ಹಾಗಾಗಿ ಸ್ಪೀಡ್ ಕಮ್ಮಿ ಇರುವ ಫಿಲ್ಮ್ ಬೇಕು. ಇಲ್ಲಿ ಪೇಪರ್ ನೆಗೆಟಿವ್ ತುಂಬ ಅನುಕೂಲ. ಡಾರ್ಕ್‌ರೂಮಿನ ಪ್ರಿಂಟಿಂಗ್ ಪೇಪರನ್ನೇ ಫಿಲ್ಮ್ ಹೋಲ್ಡರಲ್ಲಿ ಹಾಕೋದು, ಅದ್ರ ಐಎಸ್ಒ, ಅಂದ್ರೆ ಸ್ಪೀಡಿನ ನಂಬರ್, 6 ಅಂತ ಹಿಡ್ಕೊಳ್ಳಿ. ಲೆಕ್ಕ ಮಾಡಿ ತೋರಿಸ್ತೇನೆ. ನಮ್ಮ ಬಿಲ್ಡಿಂಗಿನ ಗ್ಯಾಲರಿ ಬದಿಯ ಕಿಟಕಿಯಲ್ಲಿ ಬೆಳಿಗ್ಗೆ ಮೀಟರ್ ಐಎಸ್ಒ 100ಕ್ಕೆ ಎಫ್ 5.6ರಲ್ಲಿ ಸೆಕೆಂಡಿನ 15ನೇ ಒಂದು ಭಾಗ ತೋರಿಸ್ತದೆ ಅಂತ ಇಟ್ಕೊಳ್ಳಿ. ಐಎಸ್ಒ 6 ಅಂದ್ರೆ ನಾಲ್ಕು ಸ್ಟಾಪ್ ನಿಧಾನ (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು ಬೇಕು), ಹಾಗಾದ್ರೆ ಒಂದು ಸೆಕೆಂಡು. ಇನ್ನು ಬೆಲ್ಲೋಸ್ ಲೆಕ್ಕ, ಲೆನ್ಸ್ ಫಿಲ್ಮಿಂದ ದೂರ ಹೋದಷ್ಟು ಬೆಳಕು ಕಮ್ಮಿ, ತಲೆ ಹೆಗಲು ತುಂಬ್ಬೇಕಾದ್ರೆ 250 ಎಂಎಂ ಲೆನ್ಸು 312 ಎಂಎಂ ತನಕ ಮುಂದೆ ಬರ್ತದೆ, 312ನ್ನ 250ರಿಂದ ಭಾಗಿಸಿ ವರ್ಗ ಮಾಡಿದ್ರೆ 1.56. ಅಂದ್ರೆ ಒಟ್ಟು ಒಂದೂವರೆ ಸೆಕೆಂಡು ಸ್ವಲ್ಪ ಮೇಲೆ. ಇದು ಕ್ಯಾಪಲ್ಲಿ ಆರಾಮಾಗಿ ಕೊಡಬಹುದು, ಕೂತವ್ರೂ ಉಸಿರು ಹಿಡ್ಕೊಂಡು ಅಷ್ಟು ಹೊತ್ತು ಅಲ್ಲಾಡದೆ ಇರ್ತಾರೆ. ಬೆಲ್ಲೋಸ್ ಲೆಕ್ಕ ಮರೆತ್ರೆ ಅರ್ಧಕ್ಕಿಂತ ಜಾಸ್ತಿ ಸ್ಟಾಪ್ ಹೋಯ್ತು ಅಂತ ಲೆಕ್ಕ, ಸಾಫ್ಟ್ ಲೆನ್ಸಲ್ಲಿ ಅಂಡರ್ ಎಕ್ಸ್‌ಪೋಸ್ ಆದ್ರೆ ಕೋರೂ ಇಲ್ಲ ಗ್ಲೋವೂ ಇಲ್ಲ, ಬರೀ ಮಸಿ.

ಪೇಪರಿಂದ ಇನ್ನೊಂದು ಲಾಭ ಉಂಟು, ಇದನ್ನ ಯಾರೂ ಹೇಳೋದಿಲ್ಲ. ಪೇಪರ್ ನೆಗೆಟಿವಿಗೆ ಕಂಟ್ರಾಸ್ಟ್ ಜಾಸ್ತಿ ಅಂತ ಎಲ್ರೂ ಬೈತಾರೆ. ಸಾಫ್ಟ್ ಲೆನ್ಸ್ ಕಂಟ್ರಾಸ್ಟನ್ನ ಇಳಿಸ್ತದೆ. ಎರಡೂ ಸೇರಿದ್ರೆ ಸರಿಯಾಗಿ ಬಂದು ನಿಲ್ತದೆ.

ಎಕ್ಸ್‌ರೇ ಫಿಲ್ಮ್ ಕೂಡ ಆಗ್ತದೆ. ಪ್ರಿನ್ಸೆಸ್ ಸ್ಟ್ರೀಟ್ ಕಡೆ, ಪರೇಲಿನ ಆಸ್ಪತ್ರೆಗಳ ಸುತ್ತಮುತ್ತ ಮೆಡಿಕಲ್ ಸಪ್ಲೈಯವ್ರಲ್ಲಿ ಗ್ರೀನ್ ಸೆನ್ಸಿಟಿವ್ ಎಕ್ಸ್‌ರೇ ಫಿಲ್ಮ್ ಅಂತ ಕೇಳಿ, ಡೆವಲಪರ್ ಫಿಕ್ಸರಲ್ಲಿ ತೊಳೆಯುವಂಥದ್ದೇ ಬೇಕು ಅಂತ ಒತ್ತಿ ಹೇಳಿ, ಈಗ ಎಲ್ಲ ಕಡೆ ಡಿಜಿಟಲ್ ಮಶಿನಿನ ಡ್ರೈ ಫಿಲ್ಮೇ ಕೊಡ್ತಾರೆ, ಅದು ನಮ್ಮ ಯಾವ ಕೆಲಸಕ್ಕೂ ಬರೋದಿಲ್ಲ. ಎರಡೂ ಬದಿ ಎಮಲ್ಶನ್ (ಬೆಳಕು ಹಿಡಿಯುವ ಲೇಪ) ಇರ್ತದೆ, ಉಗುರು ತಾಗಿದ್ರೂ ಗೀರು ಬೀಳ್ತದೆ, ಟ್ರೇ ಅಡಿಯಲ್ಲಿ ಒಂದು ನುಣುಪು ಗಾಜು ಹಾಕಿ. ಕೆಂಪು ಲೈಟಲ್ಲಿ ನೋಡ್ತಾ ಡೆವಲಪ್ ಮಾಡಬಹುದು, ಅದು ದೊಡ್ಡ ಸುಖ. ಐಎಸ್ಒ 50ರಿಂದ 100ರ ಒಳಗೆ, ಒಂದು ಶೀಟ್ ಟೆಸ್ಟ್ ಮಾಡಿ ತಿಳ್ಕೊಳ್ಳಿ. ಆದ್ರೆ ಹೈಲೈಟಲ್ಲಿ (ತುಂಬ ಬೆಳಕಿರುವ ಜಾಗ) ಬೆಳಕು ಫಿಲ್ಮಿನೊಳಗೇ ಹರಡ್ತದೆ, ಅದನ್ನ ತಡೆಯುವ ಲೇಪ ಇದಕ್ಕೆ ಇಲ್ಲ, ಹಾಗಾಗಿ ಲೆನ್ಸಿನ ಗ್ಲೋ ಮೇಲೆ ಫಿಲ್ಮಿನ ಗ್ಲೋ ಸೇರ್ತದೆ, ಎಫ್ 5.6 ಬೇಕು ಅನಿಸಿದಲ್ಲಿ ಎಫ್ 6.3 ಇಟ್ರೆ ಸರಿಯಾಗ್ತದೆ. ಪೇಪರ್, ಎಕ್ಸ್‌ರೇ ಎರಡಕ್ಕೂ ಕೆಂಪು ಕಾಣೋದಿಲ್ಲ, ಕುಂಕುಮ ಕಪ್ಪಾಗಿ ಬರ್ತದೆ, ತುಟಿ ಕಪ್ಪಾಗ್ತದೆ, ನಮ್ಮ ಮೈಬಣ್ಣವೂ ಇದ್ದದ್ದಕ್ಕಿಂತ ಗಾಢವಾಗಿ ಬರ್ತದೆ, ಮೀಟರ್ ಹೇಳಿದ್ದಕ್ಕಿಂತ ಅರ್ಧ ಸ್ಟಾಪಿಂದ ಒಂದು ಸ್ಟಾಪ್ ಜಾಸ್ತಿ ಕೊಡಿ.

ಈಗ ಅಸಲಿ ವಿಷಯ, ಫೋಕಸ್. ನನ್ನ ಚಿಕ್ಕಮ್ಮ ಮಾಟುಂಗಾದಲ್ಲಿ ಇರೋದು, ಮೂಗಿಗೆ ಹಳೇ ಕಾಲದ ಬಿಳೀ ಕಲ್ಲಿನ ಮೂಗುಬೊಟ್ಟು, ಸಾಫ್ಟ್ ಲೆನ್ಸ್ ಕಲೀಲಿಕ್ಕೆ ಅದಕ್ಕಿಂತ ಒಳ್ಳೆ ಟಾರ್ಗೆಟ್ ಇಲ್ಲ. ಅವ್ರನ್ನ ಕಿಟಕಿ ಬದಿ ಕೂರಿಸಿ, ಬೆಳಕು ಕಲ್ಲಿಗೆ ತಾಗುವ ಹಾಗೆ ಮುಖ ಸ್ವಲ್ಪ ತಿರುಗಿಸಿ, ಕಪ್ಪು ಬಟ್ಟೆ ಒಳಗೆ ಹೋಗಿ ಗ್ರೌಂಡ್ ಗ್ಲಾಸ್ ಮೇಲೆ ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ಆ ಕಲ್ಲನ್ನೇ ನೋಡಿ. ಎಫ್ 4ರಲ್ಲಿ ಕಲ್ಲು ಕಾಣೋದಿಲ್ಲ, ಮೂಗಿನ ಬದಿಯಲ್ಲಿ ಒಂದು ಬೆಳಕಿನ ಗುಂಡು ಕಾಣ್ತದೆ, ಅದು ಕೆನ್ನೆ ತನಕ ಹರಡಿರ್ತದೆ. ಎಫ್ 5.6ಕ್ಕೆ ಬನ್ನಿ, ಗುಂಡಿನ ನಡುವೆ ಸೂಜಿ ಮೊನೆಯಷ್ಟು ಒಂದು ಚುಕ್ಕಿ ಏಳ್ತದೆ, ಸುತ್ತ ಗ್ಲೋ ಇದ್ದೇ ಇರ್ತದೆ. ಎಫ್ 6.3, ಕಲ್ಲಿನ ಕಟಿಂಗ್ ಗೊತ್ತಾಗ್ತದೆ, ರೆಪ್ಪೆ ಕೂದಲು ಒಂದೊಂದೇ ಬಿಡಿಸಿ ಕಾಣ್ತದೆ, ಚರ್ಮ ಮಾತ್ರ ಮೆತ್ತಗೆ. ಎಫ್ 8ರಲ್ಲಿ ಗ್ಲೋ ಕಲ್ಲಿನ ಅಂಚಿಗೆ ಅಂಟಿಕೊಂಡ ಒಂದು ತೆಳು ಬಳೆ ಅಷ್ಟೇ. ಎಫ್ 11, ಚಿಕ್ಕಮ್ಮನ ಪಾಸ್‌ಪೋರ್ಟ್ ಫೋಟೋ. ಇಷ್ಟು ದೂರ ಇರೋದು ಮೂರೇ ಸ್ಟಾಪು, ಅದ್ರೊಳಗೆ ಉಪಯೋಗಕ್ಕೆ ಬರೋದು ಎಫ್ 5.6ರಿಂದ ಎಫ್ 8ರ ನಡುವಿನ ಒಂದೇ ಸ್ಟಾಪು ಅಂತ ನನ್ನ ಅಭಿಪ್ರಾಯ, ಪೂರ್ತಿ ಓಪನ್ನಲ್ಲಿ ಚಂದ ಬರುವ ಪೋರ್ಟ್ರೇಟ್ ಸಾವಿರದಲ್ಲಿ ಒಂದು. ಲೆನ್ಸಿಂದ ಲೆನ್ಸಿಗೆ ನಂಬರ್ ಆಚೆ ಈಚೆ ಆಗ್ತದೆ, ಹಾಗಾಗಿ ನಿಮ್ಮ ಲೆನ್ಸಲ್ಲಿ ಆ ಸೂಜಿ ಮೊನೆ ಎಲ್ಲಿ ಏಳ್ತದೆ ಅಂತ ನೋಡಿ ಬರೆದಿಟ್ಕೊಳ್ಳಿ.

ಗಮನಿಸಿ, ಓಪನ್ನಲ್ಲಿ ಫೋಕಸ್ ಮಾಡಿ ಆಮೇಲೆ ಅಪರ್ಚರ್ ಸಣ್ಣ ಮಾಡಿದ್ರೆ ಕೆಲಸ ಕೆಟ್ಟಿತು. ಮಾಮೂಲಿ ಲೆನ್ಸಲ್ಲಿ ನಾವೆಲ್ಲ ಹಾಗೇ ಮಾಡೋದು, ಇಲ್ಲಿ ನಡೆಯೋದಿಲ್ಲ. ಅಂಚಿನ ಕಿರಣಗಳು ಕಟ್ ಆದ ಕೂಡಲೇ ಉಳಿದ ಕಿರಣಗಳು ಲೆನ್ಸಿಂದ ಸ್ವಲ್ಪ ದೂರ ಸೇರ್ತವೆ, ಫಿಲ್ಮ್ ಮಾತ್ರ ಹಳೇ ಜಾಗದಲ್ಲೇ ಇರ್ತದೆ, ಹಾಗಾಗಿ ಶಾರ್ಪ್ ಜಾಗ ಕಣ್ಣಿಂದ ಹಿಂದೆ ಹೋಗ್ತದೆ, ಕಿವಿ ಶಾರ್ಪು, ಓಲೆ ಶಾರ್ಪು, ಕಣ್ಣು ಮಂಜು. ಕಿವಿ ಚಂದ ಬಂದ ಸಾಫ್ಟ್ ಫೋಕಸ್ ಫೋಟೋ ಎಲ್ಲಿ ಕಂಡ್ರೂ ತೆಗೆದವ್ರು ಓಪನ್ನಲ್ಲಿ ಫೋಕಸ್ ಮಾಡಿದ್ದಾರೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಇಮಾಗಾನಲ್ಲಿ ಡಿಸ್ಕ್ ಹಾಕಿದ ಮೇಲೆಯೇ ಫೋಕಸ್, ಹೀಲಿಯಾರಲ್ಲಿ ಸಾಫ್ಟ್ ರಿಂಗ್ ಸೆಟ್ ಮಾಡಿದ ಮೇಲೆಯೇ ಫೋಕಸ್, ರಿಂಗ್ ಮುಟ್ಟಿದ್ರಾ, ಮತ್ತೆ ಮೊದಲಿಂದ.

ಇನ್ನೊಂದು, ಶಾರ್ಪ್ ಲೆನ್ಸಲ್ಲಿ ಆಗುವ ಹಾಗೆ ಫೋಕಸ್ ಟಕ್ ಅಂತ ಬಂದು ಕೂರೋದಿಲ್ಲ ಇಲ್ಲಿ. ಒಂದಷ್ಟು ದೂರ ಎಲ್ಲಾ ಕಡೆಯೂ ಸರಿ ಇದ್ದ ಹಾಗೇ ಕಾಣ್ತದೆ. ಹಿಂದಿನ ಸ್ಟ್ಯಾಂಡರ್ಡನ್ನ ಲೆನ್ಸಿನ ಹತ್ರದಿಂದ ನಿಧಾನ ದೂರಕ್ಕೆ ತನ್ನಿ, ಮೊದಲು ಎಲ್ಲ ಒಂದು ಗುಂಪಾಗಿ ಕಾಣ್ತದೆ, ಗ್ಲೋ ಕಮ್ಮಿ, ಆದ್ರೆ ಕೋರ್ ಕೂಡ ಮೊಂಡು. ಇನ್ನೂ ದೂರ ಬಂದ ಹಾಗೆ ಕೋರ್ ಚೂಪಾಗ್ತದೆ, ಸುತ್ತ ಗ್ಲೋ ಅಗಲ ಆಗ್ತದೆ, ಒಂದು ಹಂತ ದಾಟಿದ್ರೆ ಕೋರ್ ಒಡೀತದೆ. ಒಡೆಯುವ ಸ್ವಲ್ಪ ಮೊದಲು ನಿಲ್ಲಿಸಿ. ಎಫ್ 6.3ರಲ್ಲಿ ಗ್ರೌಂಡ್ ಗ್ಲಾಸ್ ಕತ್ತಲೆ ಅಂತ ತೊಂದರೆ ಆದ್ರೆ ಕೂತವ್ರ ಕೈಯಲ್ಲೇ ಮೊಬೈಲ್ ಟಾರ್ಚ್ ಕೊಟ್ಟು ಕೆನ್ನೆ ಹತ್ರ ಹಿಡೀಲಿಕ್ಕೆ ಹೇಳಿ, ಫೋಕಸ್ ಆದ ಮೇಲೆ ಆಫ್. ಮೂಗುಬೊಟ್ಟಿಗೆ ಫೋಕಸ್ ನೋಡಿದ್ರೂ ಕೊನೆಗೆ ಕಣ್ಣಿನೊಳಗಿನ ಕಿಟಕಿಯ ಹೊಳಪಿಗೆ ತಂದು ನಿಲ್ಲಿಸ್ಬೇಕು, ಎರಡಕ್ಕೂ ನಡುವೆ ಒಂದಿಂಚು ಅಂತರ ಇರ್ತದೆ. ಫಿಲ್ಮ್ ಹೋಲ್ಡರ್ ಹಾಕುವಷ್ಟರಲ್ಲಿ ಜನ ಮುಂದೆ ವಾಲ್ತಾರೆ, ಅದಕ್ಕೆ ಕ್ಯಾಮರಾದಿಂದ ಒಂದು ನೂಲು ಕಟ್ಟಿ, ಅದ್ರ ತುದಿ ಕಿವಿ ಹತ್ರ ಬರುವ ಹಾಗೆ ಅಳತೆ ಇಟ್ಟು, ಕ್ಯಾಪ್ ತೆಗೆಯುವ ಮೊದಲು ಒಮ್ಮೆ ನೋಡಿ. ಚಿಕ್ಕಮ್ಮ ಆ ನೂಲು ನೋಡಿ, "ಎಂಥ ಮಾರಾಯಾ, ಬ್ಲೌಸಿಗೆ ಅಳತೆ ತೆಗೀತೀಯಾ?" ಅಂತ ಕೇಳಿದ್ರು. ಪ್ರಿಂಟ್ ನೋಡಿದ ಮೇಲೆ ಅವ್ರ ದೂರು ಬೇರೆ, ಮುಖದ ಸುಕ್ಕೆಲ್ಲ ಎಲ್ಲಿ ಹೋಯ್ತು, ಇದು ನಾನಲ್ಲ, ನನ್ನ ತಂಗಿ ಅಂತ.

ಬೆಳಕಿನ ವಿಷಯಕ್ಕೆ ಬಂದ್ರೆ, ಸಾಫ್ಟ್ ಲೆನ್ಸಿಗೆ ಸಾಫ್ಟ್ ಲೈಟ್ ಅಂತ ಎಲ್ರೂ ಅಂದ್ಕೊಳ್ತಾರೆ, ಅದು ಉಲ್ಟಾ. ಗ್ಲೋ ಹುಟ್ಟೋದು ಹೈಲೈಟಿಂದ, ಅದು ಕಾಣೋದು ಪಕ್ಕದಲ್ಲಿ ಕತ್ತಲೆ ಇದ್ರೆ. ಮಳೆಗಾಲದ ಮೋಡದ ಬೆಳಕಲ್ಲಿ ಬಿಳೀ ಗೋಡೆ ಎದುರು ಕೂರಿಸಿದ್ರೆ ಏನೂ ಇಲ್ಲ, ಬರೀ ಮಸುಕು. ಒಂದು ಬದಿಯಿಂದ ಗಡಸು ಬೆಳಕು, ಇನ್ನೊಂದು ಬದಿಗೆ ಅದ್ರ ಕಾಲು ಭಾಗದಷ್ಟು, ಹಿಂದೆ ಕಪ್ಪು ಅಥವಾ ಗಾಢ ಮರೂನ್ ಬಟ್ಟೆ. ಹಿಂದಿನಿಂದ ಕೂದಲಿಗೆ ಒಂದು ಸಣ್ಣ ಲೈಟ್ ಕೊಟ್ರೆ ತಲೆ ಸುತ್ತ ಗ್ಲೋ ಬರ್ತದೆ. ಮಾಟುಂಗಾ ಮಾರ್ಕೆಟಿಂದ ಒಂದು ಮೊಳ ಮಲ್ಲಿಗೆ ತಂದು ಮುಡಿಸಿ, ಕಪ್ಪು ಕೂದಲ ಮೇಲೆ ಬಿಳೀ ಮಲ್ಲಿಗೆಗೆ ಗಡಸು ಬೆಳಕು ಬಿದ್ರೆ ಈ ಲೆನ್ಸುಗಳು ಯಾಕೆ ಮಾಡಿದ್ರು ಅಂತ ಅರ್ಥ ಆಗ್ತದೆ. ರೇಷ್ಮೆ ಸೀರೆಯ ಜರಿ ಅಂಚು ಚಂದ, ಆದ್ರೆ ತುಂಬ ಜರಿ ಇದ್ರೆ ಗ್ಲೋ ಎಲ್ಲ ಅಲ್ಲೇ ಹೋಗಿ ಮುಖ ಹಿಂದೆ ಬೀಳ್ತದೆ, ಸೆರಗನ್ನ ಸ್ವಲ್ಪ ನೆರಳಿಗೆ ಎಳೀರಿ. ಬಿಳೀ ಶರ್ಟ್ ಹಾಕಿದ ಗಂಡಸರಿಗೂ ಇದೇ ಸಮಸ್ಯೆ, ಹೆಗಲ ಮೇಲೆ ಒಂದು ಗಾಢ ಶಾಲು ಹಾಕಿಬಿಡಿ. ಹೊರಗೆ ತೆಗೆಯೋದಾದ್ರೆ ಬೆಳಿಗ್ಗೆ ಫೈವ್ ಗಾರ್ಡನ್ಸಲ್ಲಿ ಎಲೆಗಳ ನಡುವಿಂದ ಬರುವ ಬಿಸಿಲು, ಅಥವಾ ಮಳೆ ನಿಂತ ಮೇಲೆ ಒದ್ದೆ ರಸ್ತೆಯ ದೀಪಗಳು, ಇವೆರಡೂ ಈ ಲೆನ್ಸಿಗೆ ಹೊಂದ್ತವೆ. ಟ್ರೈಪಾಡ್ ಬಿಚ್ಚಿದ ಕೂಡಲೇ ಯಾರಾದ್ರೂ ಬಂದು ಶೂಟಿಂಗಾ ಅಂತ ಕೇಳೋದು ಗ್ಯಾರಂಟಿ.

ಡೆವಲಪ್ ಮಾಡುವಾಗ ನೀರಿನ ಬಿಸಿ ನೋಡಿ. ಮೇ ತಿಂಗಳಲ್ಲಿ ನಮ್ಮ ನಲ್ಲಿ ನೀರು 30 ಡಿಗ್ರಿ, ಡೆವಲಪರಿನ ಟೈಮೆಲ್ಲ 20 ಡಿಗ್ರಿಗೆ ಕೊಟ್ಟಿರೋದು, ಅದೇ ಟೈಮ್ ಇಟ್ರೆ ನೆಗೆಟಿವಲ್ಲಿ ಹೈಲೈಟ್ ಗಟ್ಟಿ ಕಪ್ಪಾಗಿ ಗ್ಲೋ ಎಲ್ಲ ಸುಣ್ಣ ಬಳಿದ ಹಾಗೆ ಪ್ರಿಂಟ್ ಆಗ್ತದೆ. ದೊಡ್ಡ ಟ್ರೇಯಲ್ಲಿ ಐಸ್ ನೀರು ಹಾಕಿ ಅದ್ರೊಳಗೆ ಡೆವಲಪರ್ ಟ್ರೇ ಇಡಿ. ಪ್ರಿಂಟ್ ಆದಷ್ಟು ಕಾಂಟ್ಯಾಕ್ಟ್ ಪ್ರಿಂಟೇ (ನೆಗೆಟಿವನ್ನ ಪೇಪರ್ ಮೇಲೆ ಒತ್ತಿಟ್ಟು ಅದೇ ಸೈಜಲ್ಲಿ) ಮಾಡಿ, ಎನ್ಲಾರ್ಜ್ ಮಾಡಿದ್ರೆ ಗ್ಲೋ ಕೂಡ ದೊಡ್ಡದಾಗ್ತದೆ, 4×5ರಲ್ಲಿ ಸರಿ ಇದ್ದದ್ದು 16×20ರಲ್ಲಿ ಅತಿಯಾಗ್ತದೆ. ದೊಡ್ಡ ಪ್ರಿಂಟೇ ಬೇಕು ಅಂತ ಮೊದಲೇ ಗೊತ್ತಿದ್ರೆ ತೆಗೆಯುವಾಗಲೇ ಅರ್ಧ ಸ್ಟಾಪ್ ಸಣ್ಣ ಮಾಡಿ. ಎನ್ಲಾರ್ಜರ್ ಕೆಳಗೆ ಸಾಫ್ಟ್ ಫಿಲ್ಟರ್ ಹಿಡಿದು ಇದೇ ಎಫೆಕ್ಟ್ ತರ್ತೇನೆ ಅನ್ನೋದು ಆಗೋದಿಲ್ಲ, ಅಲ್ಲಿ ಹರಡೋದು ನೆರಳು, ಕಪ್ಪು ಬಂದು ಬಿಳಿಯನ್ನ ತಿಂತದೆ, ಮುಖ ಕೊಳೆ ಆದ ಹಾಗೆ ಕಾಣ್ತದೆ. ಸ್ಕ್ಯಾನ್ ಮಾಡುವವ್ರು ಸ್ಕ್ಯಾನರಿನ ಶಾರ್ಪನಿಂಗ್ ಆಫ್ ಮಾಡಿ, ಕ್ಲಾರಿಟಿ ಸ್ಲೈಡರ್ ಮುಟ್ಟಬೇಡಿ, ಅದು ಗ್ಲೋವನ್ನೇ ಮೊದಲು ಅಳಿಸೋದು.

ಜೂನಿಂದ ಸೆಪ್ಟೆಂಬರ್ ಲೆನ್ಸನ್ನ ಚರ್ಮದ ಕೇಸಲ್ಲಿ ಇಡಬೇಡಿ, ಚರ್ಮ ತೇವ ಹಿಡೀತದೆ, ಫಂಗಸ್ ಶುರು ಆಗೋದೇ ಅಲ್ಲಿಂದ. ಡ್ರೈ ಕ್ಯಾಬಿನೆಟ್ ಇಲ್ಲದಿದ್ರೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಬಣ್ಣ ಬದಲಾದ ಕೂಡಲೇ ಬಿಸಿ ಮಾಡಿ ಒಣಗಿಸಿ ವಾಪಸ್. ಹಿತ್ತಾಳೆಯನ್ನ ಪಾಲಿಶ್ ಮಾಡ್ಲಿಕ್ಕೆ ಹೋಗಬೇಡಿ, ಪಾಲಿಶ್ ಪೇಸ್ಟ್ ಅಪರ್ಚರ್ ಬ್ಲೇಡಿನ ಒಳಗೆ ಹೋದ್ರೆ ಎಫ್ 6.3 ಅಲ್ಲ, ಯಾವ ಎಫ್ಫೂ ತಿರುಗೋದಿಲ್ಲ.